ಸುಡದ ನೀರು

ಮೊಮ್ಮಗಳಿಗೆ ಆಗ ಎರಡು ತಿಂಗಳು. ಬೆಳಿಗ್ಗೆ ನನ್ನ ಹೆಂಡತಿಯೇ ಸ್ನಾನ ಮಾಡಿಸಿ ಮಲಗಿಸಿದ್ದಳು. ಸಂಜೆ ನೋಡಿದರೆ ಮಗುವಿನ ಮೈ ಕೆಂಪಗಾಗಿತ್ತು. ಎತ್ತಿಕೊಳ್ಳಲು ಹೋದಾಗ ಕಂಕುಳ ಬಳಿ ಚರ್ಮ ನೆನೆದ ಕಾಗದದಂತೆ ಜಾರಿತು. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಮಗ ಒಂದೇ ಮಾತು ಕೇಳಿದ: "ಅಮ್ಮ, ನೀರು ಜಾಸ್ತಿ ಬಿಸಿ ಇತ್ತಾ?"

ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು. ಬಸ್ಸು ಓಡಿಸಿ ಬಾಯಿ ಕೆಡಿಸಿಕೊಂಡವನು ನಾನು, ಬೈಗುಳ ಎಷ್ಟು ಬೇಗ ಆರಿಹೋಗುತ್ತದೆಂದು ನನಗೆ ಗೊತ್ತು. ಈ ಪ್ರಶ್ನೆ ಮಾತ್ರ ಅವಳ ಎದೆಯಲ್ಲಿ ಹೊಕ್ಕು ಕೂತಿತು.

ಡಾಕ್ಟರಮ್ಮ ಮಗುವಿನ ಮೂಗಿನಿಂದ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಇದು ಸುಟ್ಟ ಗಾಯ ಅಲ್ಲ. ಸ್ಟ್ಯಾಫಿಲೊಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ. ಮೂಗಲ್ಲಿ ಕೂತ್ಕೊಂಡೇ ವಿಷ ಮಾಡತ್ತೆ. ಆ ವಿಷ ರಕ್ತದಲ್ಲಿ ಮೈಯೆಲ್ಲ ಹರಡಿ ಚರ್ಮದ ಮೇಲ್ಪದರ ಬಿಡಿಸಿಬಿಡತ್ತೆ. ನೋಡೋಕೆ ಥೇಟ್ ಬಿಸಿನೀರು ಬಿದ್ದ ಹಾಗೇ. ಔಷಧಿ ಹೋಗ್ತಿದೆ, ಹೊಸ ಚರ್ಮ ಬರತ್ತೆ, ಕಲೆನೂ ಉಳಿಯಲ್ಲ."

ಮಗ ಅಲ್ಲೇ ಅಮ್ಮನ ಕೈ ಹಿಡಿದು ಅತ್ತ. ಅವಳು ಹೂಂಗುಟ್ಟಿದಳು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಒಳ್ಳೇ ಡಾಕ್ಟರು ರೀ. ಮುದುಕಿ ನೊಂದ್ಕೋಬಾರ್ದು ಅಂತ ಕಥೆ ಕಟ್ಟಿದ್ರು" ಅಂದಳು.

"ರಿಪೋರ್ಟೂ ಕಥೆ ಕಟ್ಟತ್ತೇನೇ?" ಎಂದು ರೇಗಿದೆ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು.

ಮಗು ಗುಣವಾಗಿ ಮನೆಗೆ ಬಂತು. ಇವಳು ಅದರ ಬಟ್ಟೆ ಒಗೆದಳು, ಮಡಿಸಿದಳು, ಮಗುವನ್ನು ಮಾತ್ರ ಮುಟ್ಟಲಿಲ್ಲ. ಸೊಸೆ, "ಅತ್ತೆ, ಬನ್ನಿ, ನೀವೇ ಸ್ನಾನ ಮಾಡಿಸಿ" ಎಂದು ಬಾಯಿಬಿಟ್ಟು ಕರೆದರೂ, "ಕೈಯಲ್ಲಿ ಶಕ್ತಿ ಇಲ್ಲಮ್ಮ" ಅನ್ನುತ್ತಿದ್ದಳು. ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಉರುಳಿಸಿಕೊಂಡು ಬರುವ ಹೆಂಗಸು!

ಮತ್ತೆ ಮಗುವನ್ನು ತೋರಿಸಲು ಹೋದಾಗ ನಾನೇ ಡಾಕ್ಟರಮ್ಮನನ್ನು ಕೇಳಿದೆ, ಅಷ್ಟು ಪುಟ್ಟ ಮೂಗಿಗೆ ಅದು ಬಂದದ್ದಾದರೂ ಎಲ್ಲಿಂದ ಎಂದು.

"ಯಾರಿಂದ ಅಂತ ಹೇಳಕ್ಕಾಗಲ್ಲ. ಎಷ್ಟೋ ಜನರ ಮೂಗಲ್ಲಿ ಇರತ್ತೆ, ಅವರಿಗೇನೂ ಆಗಲ್ಲ. ಹತ್ತಿರ ಬಂದು ಮುದ್ದಿಸಿದವರಿಂದಲೂ ಬಂದಿರಬಹುದು."

ಮನೆಗೆ ಬಂದವನೇ ಅಡುಗೆಮನೆಯಲ್ಲಿದ್ದ ಇವಳ ಹತ್ತಿರ ಹೋದೆ. "ನನ್ನಿಂದ್ಲೇ ಬಂದಿರಬೇಕು ಕಣೇ. ದಿನಾ ಮೂಗಿಗೆ ಮೂಗು ತಿಕ್ಕಿ ಮುದ್ದಿಸ್ತಿದ್ದವನು ನಾನೇ ತಾನೆ..."

ಅವಳು ಸರಕ್ಕನೆ ತಿರುಗಿದಳು. "ಹುಚ್ಚುಹುಚ್ಚಾಗಿ ಮಾತಾಡ್ಬೇಡಿ! ಕಣ್ಣಿಗೇ ಕಾಣದ ಹುಳಕ್ಕೆ ನೀವೇನು ಮಾಡ್ತೀರಿ? ಪ್ರೀತಿಯಿಂದ ಮುದ್ದಿಸಿದ್ದು ತಪ್ಪಾ?"

"ಪ್ರೀತಿಯಿಂದ ಸ್ನಾನ ಮಾಡಿಸಿದ್ದು?"

ಅವಳು ನನ್ನನ್ನೇ ನೋಡಿದಳು. ಇಷ್ಟು ದಿನ ತಡೆದಿಟ್ಟುಕೊಂಡಿದ್ದ ಅಳು ಒಮ್ಮೆಲೇ ಬಂತು. ನಾನೂ ಅತ್ತುಬಿಟ್ಟೆ, ಮುಚ್ಚುಮರೆ ಏಕೆ.

ಒಳಗೆ ಮಗು ರಾಗ ತೆಗೆಯಿತು. ಸೊಸೆ ಏಳುವ ಮೊದಲೇ ಇವಳು ಹೋಗಿ ಎತ್ತಿಕೊಂಡು ಎದೆಗೊತ್ತಿಕೊಂಡಳು. ಹಿಂದೆಯೇ ಹೋದ ನನ್ನನ್ನು ಮಾತ್ರ ಬಾಗಿಲಲ್ಲೇ ತಡೆದಳು.

"ನೀವು ಮೊದ್ಲು ಮೂಗು ತೊಳ್ಕೊಂಡು ಬನ್ನಿ."

ಮದುವೆಯಾದಾಗಿನಿಂದ ಅವಳ ಮಾತನ್ನು ಇಷ್ಟು ಖುಷಿಯಿಂದ ಕೇಳಿದ್ದು ಇದೇ ಮೊದಲು.