ಸದ್ದು ನಿಂತ ಸಿನಿಮಾ

ಬಂಗಾಳಿಯ ಗಂಧಗಾಳಿಯಿಲ್ಲದ ಮೂವರು ಬಂಗಾಳಿ ಸಿನಿಮಾಕ್ಕೆ ಹೋಗಿ ಕೂತಿದ್ದರು. ರಾಕ್ ಬ್ಯಾಂಡಿನವರ ಕಥೆ ಎಂದು ಗೊತ್ತಾದ ಮೇಲೆ ಬಿಡುವುದುಂಟೇ? ಇವರದೂ ಬ್ಯಾಂಡೇ. ತಂಗಿ ಹಾಡುತ್ತಾಳೆ, ಅವಳ ಗಂಡನದು ಗಿಟಾರ್, ಅಣ್ಣನದು ಡ್ರಮ್ಸ್. ಹೋಟೆಲಿನವರು ಕರೆದರೂ ಹೋಗುತ್ತಾರೆ, ಕಾಲೇಜಿನವರು ಕರೆದರೂ ಹೋಗುತ್ತಾರೆ. ಬರುವ ಶನಿವಾರದ್ದು ಮಾತ್ರ ಅಂಥಿಂಥ ಕಾರ್ಯಕ್ರಮವಲ್ಲ. ತಂಗಿಯೇ ಕಟ್ಟಿದ ಹಾಡುಗಳನ್ನು ಮೊದಲ ಸಲ ದೊಡ್ಡ ವೇದಿಕೆಯಲ್ಲಿ ನುಡಿಸುವುದಿತ್ತು.

ಅಣ್ಣ ಸಿನಿಮಾಕ್ಕೆ ಒಪ್ಪಿದ್ದಕ್ಕೆ ಕಾರಣವೇ ಬೇರೆ. ಅವನ ಕಿವಿ ಹೋಗುತ್ತಿತ್ತು. ವರ್ಷಗಟ್ಟಲೆ ಆ ಅಬ್ಬರದ ನಡುವೆ ಕೂತವನಿಗೆ ಬಲಗಿವಿ ಪೂರ್ತಿ ಮುಚ್ಚಿತ್ತು. ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು, ಅದೂ ಮೊರೆತದ ನಡುವೆ. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಇವನು ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಶನಿವಾರ ಅವನ ಸ್ಟೂಲಿನ ಮೇಲೆ ಇನ್ನೊಬ್ಬ ಕೂರುತ್ತಾನೆ.

ಬ್ಯಾಂಡಿನಲ್ಲಿ ಎಲ್ಲರೂ ಡ್ರಮ್ಮರನ ತಾಳ ಹಿಡಿದು ಹೋಗಬೇಕು. ಇವನೋ, ಗಿಟಾರಿನವನ ಷೂ ತುದಿಯನ್ನು ಕದ್ದು ನೋಡಿ ತಾಳ ಹಿಡಿಯುತ್ತಿದ್ದ. ಆ ಪುಣ್ಯಾತ್ಮ ಇವನ ಡ್ರಮ್ ಕೇಳಿಯೇ ಕಾಲು ಕುಣಿಸುವವನು. ಹೇಗೋ ಹಾಡು ಸಾಗುತ್ತಿತ್ತು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಗಾದೆ; ಇಲ್ಲಿ ಬಾರಿಸುವವನೇ ಕಿವುಡ.

ಬಂಗಾಳಿ ಸಿನಿಮಾದಲ್ಲಾದರೆ ಎಲ್ಲರೂ ಪರದೆಯ ಕೆಳಗಿನ ಸಾಲು ಓದಿಕೊಳ್ಳುವವರೇ. ನಗುವ ಕಡೆ ಎಲ್ಲರ ಜೊತೆಯಲ್ಲೇ ನಗಬಹುದು. ಅವನಿಗೆ ಅಷ್ಟೇ ಬೇಕಿತ್ತು.

ಸಿನಿಮಾದ ಬ್ಯಾಂಡು ಕಡೆಗೂ ವೇದಿಕೆ ಹತ್ತಿತು. ಅಲ್ಲಿಯ ಡ್ರಮ್ಮರ್ ಕಡ್ಡಿ ಎತ್ತಿದ್ದೇ ತಡ, ಇವನ ಬೆರಳುಗಳು ತೊಡೆಯ ಮೇಲೆ ಶುರುವಾದವು. ಹಾಡು ಅರ್ಧಕ್ಕೆ ಬಂದಿರಬೇಕು, ಸದ್ದು ನಿಂತುಹೋಯಿತು.

ಕಿವಿ ಪೂರ್ತಿ ಹೋಯಿತು ಎಂದುಕೊಂಡ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಕರೆಂಟು ಹೋದರೂ ಮೇಣದಬತ್ತಿ ಹುಡುಕಲು ಏಳದವರ ಹಾಗೆ ಸುಮ್ಮನೆ ಕೂತ. ಅಷ್ಟು ದೊಡ್ಡ ಸ್ಪೀಕರುಗಳ ಗುದ್ದು ಎದೆಗೂ ತಾಕುತ್ತಿಲ್ಲ ಎಂಬುದನ್ನಾದರೂ ಗಮನಿಸಬಾರದಿತ್ತೇ? ಬುದ್ಧಿಗೂ ಮಂಕು ಕವಿದಿತ್ತು. ಸುತ್ತ ಏನೋ ಗುಜುಗುಜು ಎದ್ದದ್ದನ್ನು ಕಿವಿಯೊಳಗಿನ ಮಾಮೂಲಿ ಮೊರೆತವೆಂದು ಬಿಟ್ಟುಬಿಟ್ಟ. ಪರದೆಯವನ ಕೈ ನೋಡಿಕೊಂಡು ಬೆರಳಾಡಿಸುತ್ತಲೇ ಇದ್ದ. ಒಂದು ಏಟೂ ತಪ್ಪಲಿಲ್ಲ.

ದೀಪ ಹತ್ತಿತು. ಜನರೆಲ್ಲ ಎದ್ದು ನಿಂತು, ಹಿಂದಿನ ಗೋಡೆಯ ಕಿಂಡಿಯತ್ತ ಕೈ ಬೀಸಿ ಕೂಗುತ್ತಿದ್ದರು. ಗಿಟಾರಿನವನು ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆಯುತ್ತಿದ್ದ. ಹಾಗಾದರೆ ಕೆಟ್ಟಿದ್ದು ಥಿಯೇಟರಿನ ಸೌಂಡು, ತನ್ನ ಕಿವಿಯಲ್ಲ. ಸಂತೋಷಪಡಲು ನೋಡಿದ, ಅದೂ ಬರಲಿಲ್ಲ. ಇಡೀ ಸಾಲಿನಲ್ಲಿ ಎದ್ದು ನಿಲ್ಲದವರು ಅವನು ಮತ್ತು ತಂಗಿ ಇಬ್ಬರೇ. ತಂಗಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

ಸದ್ದು ಮತ್ತೆ ಬಂತು, ದೀಪ ಆರಿತು. ಕೊನೆಗೆ ಆ ಬ್ಯಾಂಡು ಒಡೆಯಿತೋ ಕೂಡಿತೋ ಅವನ ತಲೆಗೆ ಹೋಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ತಂಗಿಯ ಗಂಡ ಅವನ ಬೆನ್ನು ತಟ್ಟಿ, "ಸಖತ್ತಾಗಿತ್ತಲ್ವಾ ಭಾವ? ಮಧ್ಯದಲ್ಲಿ ಆ ಆಪರೇಟರ್ ಒಬ್ಬ ಕೆಡಿಸ್ಬಿಟ್ಟ" ಎಂದು ಗಾಡಿ ತರಲು ಹೋದ. ತಂಗಿ ಎದುರಿಗೆ ಬಂದು, ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಜರುಗಿ ನಿಂತಳು. ಮಾತು ಕಲಿತಂದಿನಿಂದ ಅರಳು ಹುರಿದ ಹಾಗೆ ಮಾತಾಡುವವಳು, ಈಗ ಒಂದೊಂದೇ ಮಾತನ್ನು ಬಿಡಿಸಿ ಆಡಿದಳು.

"ಅಣ್ಣಾ... ಶನಿವಾರಕ್ಕೆ... ಬೇರೆಯವ್ರನ್ನ... ಕರೆಸ್ಲಾ?"

ಅವಳ ತುಟಿ ಅದುರುತ್ತಿತ್ತು. ತನ್ನೊಳಗೂ ಏನಾದರೂ ಅದುರೀತೇ ಎಂದು ಕಾದ. ಇಲ್ಲ.

"ಕರೆಸು" ಎಂದ.

ಮೆಲ್ಲಗೇ ಹೇಳಿದೆನೆಂದುಕೊಂಡಿದ್ದ. ಮೆಟ್ಟಿಲಿಳಿಯುತ್ತಿದ್ದವರೆಲ್ಲ ಬೆಚ್ಚಿ ತಿರುಗಿ ನೋಡಿದರು.