ತಲೆ ಪೀಠದ ಕಡೆಗೆ

ಚರ್ಚಿನ ಗಂಟೆ ಹೊಡೆಯುವವನು ಬಾಗಿಲಲ್ಲಿ ಬಂದು ನಿಂತಾಗ ಬಡಗಿ ಯಾರದೋ ಶವಪೆಟ್ಟಿಗೆಯ ಮುಚ್ಚಳವನ್ನು ಹತ್ತರಿ ಹಾಕಿ ನುಣುಪು ಮಾಡುತ್ತಿದ್ದ. ಬಂದವನು ಟೋಪಿ ತೆಗೆದ. ಬೆಳಗಿನ ಪೂಜೆಗೆ ಗುರುಗಳು ಇಳಿದು ಬರಲಿಲ್ಲ, ಕೋಣೆಗೆ ಹೋಗಿ ನೋಡಿದರೆ ಮಲಗಿದಲ್ಲೇ ಹೋಗಿಬಿಟ್ಟಿದ್ದಾರೆ ಎಂದ. ಗುರುಗಳೆಂದರೆ ಬಡಗಿಯ ಒಡಹುಟ್ಟಿದ ತಮ್ಮ. ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಜಗಳ ಹುಟ್ಟಿದ್ದು ಪೂಜೆಯಿಂದ. ಹಳೆಯ ಲ್ಯಾಟಿನ್ ಪೂಜೆ ಇನ್ನು ಬೇಡವೆಂದು ಬಿಷಪ್ಪರ ಆಜ್ಞೆ ಬಂದ ಮರುದಿನವೇ ತಮ್ಮ ಅದನ್ನು ನಿಲ್ಲಿಸಿದ್ದ. ಅದಕ್ಕೆ ಬರುತ್ತಿದ್ದವರು ಹದಿನಾಲ್ಕು ಮಂದಿ. ಅಷ್ಟೂ ಜನರ ಹಲ್ಲು ಸೇರಿಸಿದರೂ ಎರಡು ಬಾಯಿ ತುಂಬುತ್ತಿರಲಿಲ್ಲ.

"ಊರಿಗೆಲ್ಲ ಬಾಗಿಲು ತೆಗೆದಿದ್ದೀವಿ ಅಂತಾರೆ ನಿಮ್ಮ ದೊಡ್ಡವರು. ಮನೆ ಮುದುಕರನ್ನ ಮಾತ್ರ ಹೊಸಿಲಾಚೆ ನಿಲ್ಲಿಸ್ತಾರೆ," ಎಂದಿದ್ದ ಅಣ್ಣ. "ಅಪ್ಪ ಅಮ್ಮನ್ನ ಮಣ್ಣು ಮಾಡಿದ ಪ್ರಾರ್ಥನೆ ಇವತ್ತು ಹೇಗಪ್ಪಾ ತಪ್ಪಾಯ್ತು?"

ಬಿಷಪ್ಪರಿಗೆ ವಿಧೇಯನಾಗಿರುತ್ತೇನೆಂದು ಮಾತು ಕೊಟ್ಟವನು ನಾನು ಎಂದಷ್ಟೇ ತಮ್ಮ ಹೇಳಿದ. ಹೇಡಿ ಎಂದು ಬೈದು ಅಣ್ಣ ಎದ್ದು ಬಂದಿದ್ದ. ಆಮೇಲೆ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ.

ಈಗ ಅವನು ಕೈಲಿದ್ದ ಮುಚ್ಚಳವನ್ನು ಬದಿಗಿಟ್ಟು, ತನ್ನ ಪೆಟ್ಟಿಗೆಗೆಂದು ಎತ್ತಿಟ್ಟಿದ್ದ ಒಳ್ಳೆಯ ಹಲಗೆಗಳನ್ನು ಅಟ್ಟದಿಂದ ಇಳಿಸಿದ. ಅಳತೆಗೆ ಹೋಗಬೇಕಾಗಿರಲಿಲ್ಲ. ತಮ್ಮ ತನಗಿಂತ ನಾಲ್ಕು ಬೆರಳು ಗಿಡ್ಡ.

ಮರುದಿನ ಅಂತ್ಯಪೂಜೆಗೆ ಬಿಷಪ್ಪರೇ ಬಂದರು. ಮೊದಲ ಬೆಂಚಿನಲ್ಲಿ ಕೂತಿದ್ದ ಬಡಗಿ ಪೆಟ್ಟಿಗೆಯನ್ನು ನೋಡಿ ಮುಂದಕ್ಕೆ ಬಾಗಿದ. ಹೊತ್ತು ತಂದವರು ತಮ್ಮನನ್ನು ಬಲಿಪೀಠಕ್ಕೆ ಕಾಲು ಮಾಡಿ ಇಳಿಸಿದ್ದರು. ಜನಸಾಮಾನ್ಯರನ್ನು ಹಾಗಿಡುವುದು, ಸತ್ತರೂ ಮುಖ ಪೀಠದತ್ತ ಇರಲೆಂದು. ಗುರುವಿನ ತಲೆ ಪೀಠದ ಕಡೆಗಿರಬೇಕು; ಕಡೆಯ ದಿನವೂ ಅವನು ತನ್ನ ಜನರನ್ನು ನೋಡುತ್ತಿರಬೇಕು. ಇದೆಲ್ಲ ಬಲ್ಲವರು ಈಗ ಎಷ್ಟು ಮಂದಿ ಉಳಿದಿದ್ದಾರೆ?

ಅವನು ಎದ್ದು ಬಿಷಪ್ಪರ ಬಳಿ ಹೋಗಿ ತಪ್ಪನ್ನು ತಿಳಿಸಿದ. ದನಿ ಏರಿಸಲಿಲ್ಲ.

"ಸ್ವಾಮಿ, ಪೂಜೆ ಕಿತ್ಕೊಂಡ್ರಿ. ತನ್ನ ಜನರನ್ನಾದ್ರೂ ಅವನು ನೋಡೋಕೆ ಬಿಡಿ."

"ನೀವು ಅವರ ಅಣ್ಣ ಅಲ್ವಾ," ಎಂದರು ಬಿಷಪ್ಪರು.

ತಮ್ಮ ಮೂರು ಸಲ ಅವರ ಬಾಗಿಲಿಗೆ ಹೋಗಿದ್ದನಂತೆ. ತಿಂಗಳಿಗೊಮ್ಮೆಯಾದರೂ ಹಳೆಯ ಪೂಜೆಗೆ ಅಪ್ಪಣೆ ಕೊಡಿ, ನನ್ನಣ್ಣ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾನೆ ಎಂದು ಬೇಡಿದ್ದನಂತೆ. ಕಡೆಯ ಸಲ ಮಂಡಿಯೂರಿದ್ದನಂತೆ.

"ನಾನು ಆಗಲ್ಲ ಅಂದೆ."

"ಅದು ತಪ್ಪು, ಸ್ವಾಮಿ," ಎಂದ ಬಡಗಿ. ಪೆಟ್ಟಿಗೆಯತ್ತ ತಿರುಗಿ, "ನನ್ನದೂ ತಪ್ಪೇ," ಎಂದ.

ಬಿಷಪ್ಪರು ಪೆಟ್ಟಿಗೆಯ ಕಾಲಿನ ಕಡೆ ಹೋಗಿ ಬಗ್ಗಿದರು. ಹೊತ್ತವರು ಓಡಿ ಬಂದರು. ಬಡಗಿ ತಲೆಯ ಕಡೆ ಹಿಡಿದ. ಪೆಟ್ಟಿಗೆ ಮೆಲ್ಲಗೆ ತಿರುಗುವಾಗ ಬೆಂಚುಗಳಲ್ಲಿದ್ದವರು ಕಾರಣ ತಿಳಿಯದೆಯೇ ಎದ್ದು ನಿಂತರು.

ಪೂಜೆ ಹೊಸ ಕ್ರಮದಲ್ಲೇ ನಡೆಯಿತು. ಬಡಗಿ ಕೊನೆತನಕ ಕೂತಿದ್ದ. ಮಣ್ಣು ಹಾಕಿ ಎಲ್ಲರೂ ಹೋದ ಮೇಲೆ ಗುಂಡಿಯ ಬಳಿ ಒಬ್ಬನೇ ನಿಂತು ಲ್ಯಾಟಿನ್ನಿನಲ್ಲಿ ಪ್ರಾರ್ಥಿಸಿದ. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ಅದನ್ನು ಹಂಚಿಕೊಂಡು ಹೇಳುತ್ತಿದ್ದರು. ಮೊದಲ ಸಾಲು ಅಣ್ಣನದು: ಕರ್ತರೇ, ಅವನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿ.

ತುಸು ಹೊತ್ತು ಕಾದ. ಆಮೇಲೆ ತಮ್ಮನ ಸಾಲನ್ನೂ ತಾನೇ ಹೇಳಿದ: ಆರದ ಬೆಳಕು ಅವನ ಮೇಲೆ ಬೆಳಗಲಿ.