ಮೊದಲ ಲೆವೆಲ್ಲಿನ ವೈದ್ಯೆ

ತಂಗಿ ಕಾರ್ಡುಗಳ ಮೂಲೆಗಳನ್ನು ದುಂಡಗೆ ಕತ್ತರಿಸುತ್ತಿದ್ದಳು. ಮೂಲೆ ಚೂಪಾಗಿದ್ದರೆ ಕಲೆಸುವಾಗ ಮಡಚಿಕೊಳ್ಳುತ್ತದೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಅಣ್ಣನ ಆಟ ನಾಳೆ ಅಚ್ಚಿಗೆ ಹೋಗಬೇಕು. ಕತ್ತಿವೀರ, ಮಂತ್ರಗಾತಿ ಅವನ ಕಲ್ಪನೆ, ವೈದ್ಯೆಯೊಬ್ಬಳೇ ಇವಳದು. ಯಾವ ಲೆವೆಲ್ಲಿನಲ್ಲಿ ಏನು ಕಲಿಯುತ್ತಾಳೆ, ಮೂಳೆ ಕೂಡಿಸುವ ದಾರಿ ಹಿಡಿದರೆ ವಿಷ ಇಳಿಸುವ ದಾರಿ ಹೇಗೆ ಮುಚ್ಚಿಹೋಗುತ್ತದೆ, ಎಲ್ಲವನ್ನೂ ಇವಳೇ ಹೆಣೆದಿದ್ದಳು.

ಊಟದ ಮೇಜಿನ ಮೇಲೆ ಕೊನೆಯ ಪರೀಕ್ಷೆಯ ಆಟ ಶುರುವಾಯಿತು. ಅಣ್ಣ ಎಂದಿನಂತೆ ಕತ್ತಿವೀರ, ಅತ್ತಿಗೆ ಎಂದಿನಂತೆ ಮಂತ್ರಗಾತಿ, ತಂಗಿ ವೈದ್ಯೆ. ಆಟ ಹುಟ್ಟಿದಾಗಿನಿಂದ ಯಾರೂ ತಮ್ಮ ಪಾತ್ರ ಬಿಟ್ಟುಕೊಟ್ಟವರಲ್ಲ.

ಗುಹೆಯ ರಾಕ್ಷಸನ ಏಟಿಗೆ ಕತ್ತಿವೀರ ಉರುಳಿದ. ವೈದ್ಯೆ ಎಬ್ಬಿಸಿದಳು. ಮತ್ತೆ ಉರುಳಿದ, ಮತ್ತೆ ಎಬ್ಬಿಸಿದಳು. ಕೊನೆಯ ಏಟು ಹಾಕಿದ ಅಣ್ಣ ಪಾಯಿಂಟುಗಳನ್ನೆಲ್ಲ ಬಾಚಿಕೊಂಡು ಮೇಲಿನ ಲೆವೆಲ್ಲಿಗೆ ಏರಿದ. ಕೊಂದವನಿಗೇ ಪಾಯಿಂಟು ಎಂಬುದು ಅವನದೇ ನಿಯಮ. ವೈದ್ಯೆ ಮಾತ್ರ ಇದ್ದಲ್ಲೇ ಇದ್ದಳು.

“ನಂಗೇನೂ ಇಲ್ವಾ?”

“ನೀನು ಕೊಂದ್ಯಾ?”

“ನಾನಿಲ್ದಿದ್ರೆ ನೀನು ಸತ್ತಿರ್ತಿದ್ದೆ, ಅಣ್ಣ.”

ಅತ್ತಿಗೆ ನಕ್ಕರು. “ಹೊಳೆ ದಾಟಿದ್ಮೇಲೆ ಅಂಬಿಗ ಯಾಕಮ್ಮ ಇವ್ರಿಗೆ? ಮನೇಲೂ ಇದೇ ಕಥೆ.”

“ನೀನು ಸುಮ್ನಿರೇ,” ಎಂದ ಅಣ್ಣ. “ನೋಡು, ನಿನ್ನ ವೈದ್ಯೆ ಬೆಳೆಯೋದೇ ಇಲ್ಲ. ಯಾರು ತಗೋತಾರೆ ಇವಳನ್ನ? ತೆಗೆದುಬಿಡೋಣ. ಬೇಡ ಅಂದ್ರೆ ಇವಳಿಗೂ ಒಂದು ಕತ್ತಿ ಕೊಡೋಣ.”

“ಕತ್ತಿ ಕೊಟ್ರೆ ನಿನ್ ಥರಾನೇ ಆಗ್ತಾಳೆ. ನಿನಗಿಂತ ಒಂಚೂರು ಕಮ್ಮಿ.”

“ಆಗ್ಲಿ, ಒಳ್ಳೇದೇ ಅಲ್ವಾ?”

ಕುದುರೆಯ ಕಾಲು ಕಟ್ಟಿಹಾಕಿ, ಓಡುವುದಿಲ್ಲವೆಂದು ದೂರುವ ಜಾಣತನವಿದು ಎನ್ನಬೇಕೆನಿಸಿತು ತಂಗಿಗೆ. ಆದರೆ ಅವಳಿಗೆ ಮಾತು ಬರುವುದೇ ಸರದಿ ಮುಗಿದ ಮೇಲೆ. ಅಷ್ಟರಲ್ಲಿ ಅಣ್ಣ ವೈದ್ಯೆಯ ಕಾರ್ಡುಗಳನ್ನು ಒಟ್ಟುಗೂಡಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಮೇಜಿನ ಅಂಚಿಗೆ ಸರಿಸಿದ್ದ. ಮುಂದಿನ ಗುಹೆಗೆ ವೈದ್ಯೆಯಿಲ್ಲದೆಯೇ ಹೊರಟಾಗಿತ್ತು.

ಅವಳು ರಬ್ಬರ್ ಬ್ಯಾಂಡ್ ಬಿಚ್ಚಿ ಕಾರ್ಡುಗಳನ್ನು ಅವನ ಮುಂದಿಟ್ಟಳು. ಅಣ್ಣ ದಾಳ ಕುಲುಕುತ್ತಿದ್ದ. ಅತ್ತಿಗೆ ತಮ್ಮ ಮಂತ್ರ ಆರಿಸುತ್ತಿದ್ದರು.

“ಅಣ್ಣಾ, ಒಂದೇ ಒಂದು ಆಟ, ಇವಳನ್ನ ನೀನು ಆಡು.”

ಅಣ್ಣ ಆ ಕಾರ್ಡುಗಳನ್ನು ಮುಟ್ಟದೆ ತನ್ನ ಕತ್ತಿವೀರನ ದಾಳ ಉರುಳಿಸಿ, ಎಷ್ಟು ಬಿತ್ತೆಂದು ಬಗ್ಗಿ ನೋಡಿದ.